ಕಚೋ-ಎ: ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಹೂ ಮತ್ತು ಹಕ್ಕಿ

ಜಪಾನಿನ ಮರದಚ್ಚಿನ ಕಲೆಯಲ್ಲಿ ಹೂವನ್ನೂ ಹಕ್ಕಿಯನ್ನೂ ಒಟ್ಟಿಗೆ ತರುವ ಚಿತ್ರಗಳಿಗೆ ಕಚೋ-ಎ ಎಂದು ಹೆಸರು. ‘ಕ’ ಎಂದರೆ ಹೂ, ‘ಚೋ’ ಎಂದರೆ ಹಕ್ಕಿ, ‘ಎ’ ಎಂದರೆ ಚಿತ್ರ. ಹೆಸರಿನಲ್ಲಿರುವುದು ಎರಡೇ ಆದರೂ ಮಿಡತೆ, ಚಿಟ್ಟೆ, ಮರಗಪ್ಪೆ, ಮೀನು, ಹುಲ್ಲು, ಹಣ್ಣು ಎಲ್ಲವೂ ಈ ಪ್ರಕಾರದೊಳಗೆ ಬರುತ್ತವೆ. 18ನೇ ಶತಮಾನದ ನಡುಭಾಗದಿಂದ 20ನೇ ಶತಮಾನದ ನಡುಭಾಗದವರೆಗೆ, ಸುಮಾರು ಇನ್ನೂರು ವರ್ಷ, ಇದು ಎಡೆಬಿಡದೆ ಬೆಳೆಯಿತು.

ಉಕಿಯೊ-ಎ ಎಂಬ ಜನಪ್ರಿಯ ಅಚ್ಚುಚಿತ್ರ ಪರಂಪರೆಯ ಒಂದು ಕವಲು ಇದು. ಆ ಪರಂಪರೆಯ ಮಾತು ಬಂದಾಗ ಹೊಕುಸಾಯ್‌ನ ದೊಡ್ಡ ಅಲೆ, ಉತಮಾರೊನ ಸುಂದರಿಯರು, ಕಬುಕಿ ರಂಗದ ನಟರು ಮೊದಲು ನೆನಪಾಗುತ್ತಾರೆ. ಹೂಹಕ್ಕಿಯ ಚಿತ್ರಗಳನ್ನು ಅಲಂಕಾರದ ಸಾಮಗ್ರಿ ಎಂದು ಹಿಂದಿನ ಸಾಲಿನಲ್ಲಿ ಕೂರಿಸುವುದು ಬಹುಕಾಲದ ರೂಢಿ. ಇದು ಅನ್ಯಾಯ. ಕವಿತೆ, ಋತು, ಮರ, ಕಾಗದ, ನಾಲ್ಕಾರು ಜನರ ಕೈಚಳಕ ಇವೆಲ್ಲ ಇಲ್ಲಿ ಬೆರೆತಷ್ಟು ಹದವಾಗಿ ಉಕಿಯೊ-ಎಯ ಬೇರೆ ಯಾವ ಕವಲಿನಲ್ಲೂ ಬೆರೆತಿಲ್ಲ.

ಚೀನಾದಿಂದ ಬಂದ ಬೇರು

ಹೂ ಹಕ್ಕಿಗಳನ್ನು ಒಂದೇ ಚೌಕಟ್ಟಿನಲ್ಲಿ ಬರೆಯುವ ಪದ್ಧತಿ ಹುಟ್ಟಿದ್ದು ಚೀನಾದಲ್ಲಿ. 10ನೇ ಶತಮಾನದ ಹೊತ್ತಿಗೆ ಅಲ್ಲಿ ಅದೊಂದು ಸ್ವತಂತ್ರ ಪ್ರಕಾರವಾಗಿತ್ತು. 12ನೇ ಶತಮಾನದ ಆರಂಭದಲ್ಲಿ ಆಳಿದ ಸೊಂಗ್ ದೊರೆ ಹುಯಿತ್ಸೊಂಗ್ ಸ್ವತಃ ಹಕ್ಕಿಗಳನ್ನು ಚಿತ್ರಿಸುತ್ತಿದ್ದ. ಅಂಥ ಚಿತ್ರಗಳು ಜಪಾನಿಗೆ ತಲುಪಿದ ಮೇಲೆ ಕಾನೊ ಮನೆತನದ ಕಲಾವಿದರು ಕೋಟೆಗಳ ಜಾರುಬಾಗಿಲುಗಳ ಮೇಲೂ ಮಡಿಚುವ ಪರದೆಗಳ ಮೇಲೂ ಚಿನ್ನದ ರೇಕಿನ ಹಿನ್ನೆಲೆ ಹಾಸಿ ಕೊಕ್ಕರೆ, ಪೈನ್ ಮರ, ಪಿಯೊನಿ ಹೂಗಳನ್ನು ಬರೆದರು. ಅವೆಲ್ಲ ಉಳ್ಳವರ ಮನೆಯ ಹೂಹಕ್ಕಿ. ಪೇಟೆಯ ಸಾಮಾನ್ಯರ ಕೈಗೆ ಅವು ಎಟುಕಿದ್ದು ಅಚ್ಚಿನ ಮೂಲಕ.

18ನೇ ಶತಮಾನದಲ್ಲಿ ಚೀನಾದ ಪ್ರಭಾವ ಇನ್ನೊಮ್ಮೆ ಬೀಸಿತು. ಹೊರದೇಶದ ವ್ಯಾಪಾರಕ್ಕೆ ತೆರೆದಿದ್ದ ನಾಗಸಾಕಿ ಬಂದರಿಗೆ 1731ರಲ್ಲಿ ಶೆನ್ ನಾನ್‌ಪಿನ್ ಎಂಬ ಚೀನೀ ಚಿತ್ರಕಾರ ಬಂದಿಳಿದ. ಅವನು ಅಲ್ಲಿ ಉಳಿದದ್ದು ಎರಡು ವರ್ಷದಷ್ಟೇ. ಆದರೆ ಪುಕ್ಕಪುಕ್ಕವನ್ನೂ ಬಿಡಿಸಿ ತೋರಿಸುವ ಅವನ ಶೈಲಿಗೆ ಜಪಾನಿನಲ್ಲಿ ಒಂದು ಶಿಷ್ಯಪರಂಪರೆಯೇ ಬೆಳೆಯಿತು. ‘ಸಾಸಿವೆಕಾಳಿನ ತೋಟ’ ಎಂದು ಹೆಸರಾದ ಚೀನೀ ಚಿತ್ರಕಲಾ ಕೈಪಿಡಿಯೂ ಇದೇ ಕಾಲದಲ್ಲಿ ಕೈಯಿಂದ ಕೈಗೆ ಹರಿದಾಡಿತು. 1701ರಲ್ಲಿ ಹೊರಬಂದ ಅದರ ಮುಂದಿನ ಭಾಗಗಳಲ್ಲಿ ಹೂವು, ಹುಳು, ಹಕ್ಕಿಗಳನ್ನು ಬರೆಯುವ ಕ್ರಮವನ್ನು ಮರದಚ್ಚಿನಲ್ಲೇ ತೋರಿಸಿತ್ತು. ಎದೊ ನಗರದ, ಎಂದರೆ ಇಂದಿನ ಟೋಕಿಯೊದ, ಎಷ್ಟೋ ಅಚ್ಚುಚಿತ್ರಕಾರರಿಗೆ ಹಕ್ಕಿ ಬರೆಯುವ ಮೊದಲ ಪಾಠ ಇಂಥ ಪುಸ್ತಕಗಳಿಂದಲೇ ಆಗಿದ್ದರೆ ಆಶ್ಚರ್ಯವಿಲ್ಲ.

ಜೋಡಿಗಳು

ಮಾವಿನ ಚಿಗುರೆಂದರೆ ಕೋಗಿಲೆ, ಬೆಳದಿಂಗಳೆಂದರೆ ಚಕೋರ. ಕಾವ್ಯದಲ್ಲಿ ಇವು ಬಿಡಲಾಗದ ನಂಟು. ನಮ್ಮ ಆಲಂಕಾರಿಕರು ಇದನ್ನು ಕವಿಸಮಯ ಎಂದರು. ಕಚೋ-ಎಯನ್ನು ಓದಲು ಕನ್ನಡದ ಓದುಗರಿಗೆ ಇದಕ್ಕಿಂತ ಹತ್ತಿರದ ಕೀಲಿಕೈ ಇಲ್ಲ.

ಜಪಾನಿನಲ್ಲಿ ಚಳಿ ಇನ್ನೂ ಬಿಡದಿರುವಾಗಲೇ ಅರಳುವ ಪ್ಲಮ್ ಹೂವಿಗೆ ಉಗುಯಿಸು ಎಂಬ ಪುಟ್ಟ ಹಾಡುಹಕ್ಕಿ ಜೊತೆ. ಬಿದಿರಿಗೆ ಗುಬ್ಬಿ, ವಿಲ್ಲೋ ಮರದ ಜೋಲುಕೊಂಬೆಗೆ ಅಂಬರಗುಬ್ಬಿ, ಪೈನಿಗೆ ಕೊಕ್ಕರೆ, ಅಲೆಗೆ ಚಿದೊರಿ ಎಂಬ ದಡದ ಹಕ್ಕಿ. ಶರತ್ಕಾಲದ ಹುಲ್ಲಿಗೆ ಲಾವಕ್ಕಿ, ತುಂಬುಚಂದ್ರನಿಗೆ ಸಾಲುಗಟ್ಟಿ ಹಾರುವ ಹೆಬ್ಬಾತು. ಬೇಸಗೆಯ ರಾತ್ರಿಗೆ ಹೊತೊತೊಗಿಸು ಎಂಬ ಕೋಗಿಲೆಯ ಬಳಗದ ಹಕ್ಕಿ; ಅದರ ದನಿಗಾಗಿ ನಿದ್ದೆಗೆಟ್ಟು ಕಾಯುವುದು ಅಲ್ಲಿನ ಕವಿಗಳ ಹಳೆಯ ಹಂಬಲ.

ಈ ನಂಟುಗಳ ಬೇರು ಕಾವ್ಯದಲ್ಲಿದೆ. 10ನೇ ಶತಮಾನದ ಆರಂಭದ ‘ಕೊಕಿನ್‌ಶೂ’ ಸಂಕಲನದ ಇಪ್ಪತ್ತು ಸಂಪುಟಗಳಲ್ಲಿ ಮೊದಲ ಆರು ಋತುಗಳಿಗೇ ಮೀಸಲು. ಅಲ್ಲಿಂದ ಹೈಕುವಿನವರೆಗೆ ಜಪಾನೀ ಕವಿತೆಯಲ್ಲಿ ಹಕ್ಕಿಯ ಹೆಸರು ಬಂದರೆ ತಿಂಗಳು ಯಾವುದೆಂದು ತಿಳಿಯುತ್ತದೆ. ಹನಾಫುದಾ ಎಂಬ ಹೂವಿನ ಇಸ್ಪೀಟಿನಲ್ಲಿ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಹನ್ನೆರಡು ತಿಂಗಳಿಗೆ ನಾಲ್ಕರಂತೆ 48 ಎಲೆಗಳು; ಮೊದಲ ತಿಂಗಳಿಗೆ ಪೈನ್-ಕೊಕ್ಕರೆ, ಎರಡನೆಯದಕ್ಕೆ ಪ್ಲಮ್-ಉಗುಯಿಸು, ನಾಲ್ಕನೆಯದಕ್ಕೆ ವಿಸ್ಟೀರಿಯ-ಹೊತೊತೊಗಿಸು. ಹಾಗಾಗಿ ಕಚೋ-ಎಯನ್ನು ಬರಿಯ ಪ್ರಕೃತಿಚಿತ್ರ ಎನ್ನಲಾಗದು. ಗೋಡೆಗೆ ಇದನ್ನು ತೂಗುಹಾಕಿದವರು ಒಂದು ಋತುವನ್ನು ತೂಗುಹಾಕುತ್ತಿದ್ದರು. ಪಂಚಾಂಗವೂ ಇದೇ, ಪದ್ಯವೂ ಇದೇ.

ಮೊದಲ ಹೆಜ್ಜೆಗಳು

18ನೇ ಶತಮಾನದ ಮೊದಲ ದಶಕಗಳಲ್ಲೇ ಗಿಡುಗದ ಅಚ್ಚುಚಿತ್ರಗಳು ಬಂದಿದ್ದವು. ಆದರೆ ಕಪ್ಪು ಗೆರೆ ಅಚ್ಚೊತ್ತಿ, ಬಣ್ಣವನ್ನು ಕೈಯಿಂದ ತುಂಬುವವರೆಗೆ ಹೂವಿಗೆ ಅದರ ಪಾಲಿನ ನ್ಯಾಯ ಸಿಗುವಂತಿರಲಿಲ್ಲ. 1765ರಲ್ಲಿ ಸುಜುಕಿ ಹರುನೊಬುವಿನ ಪಂಚಾಂಗಚಿತ್ರಗಳೊಂದಿಗೆ ಪ್ರತಿ ಬಣ್ಣಕ್ಕೂ ಬೇರೆ ಹಲಗೆ ಬಳಸುವ ನಿಶಿಕಿ-ಎ, ಎಂದರೆ ಜರತಾರಿ ಚಿತ್ರ, ರೂಢಿಗೆ ಬಂತು. ಮುಂದಿನ ದಶಕದಲ್ಲಿ, ಸಮುರಾಯ್ ವೃತ್ತಿ ಬಿಟ್ಟು ಬಂದಿದ್ದ ಇಸೊದಾ ಕೊರ್ಯೂಸಾಯ್ ಈ ಹೊಸ ಅನುಕೂಲವನ್ನು ಹಕ್ಕಿಗಳಿಗೆ ತಿರುಗಿಸಿದ. ಮನೆಯ ಕಂಬಕ್ಕೆ ತೂಗುಹಾಕುವ, ಗೇಣಿಗಿಂತ ಕಿರಿದಾದ ಉದ್ದನೆಯ ಚಿತ್ರಗಳಲ್ಲೂ ಅವನು ಪಳಗಿದವನು.

ಕ್ಯೋಟೊದಲ್ಲಿ ಇತೊ ಜಾಕುಚೂ (1716–1800) ಬೇರೆಯೇ ದಾರಿ ಹಿಡಿದ. ನಿಶಿಕಿ ಸಂತೆಯ ತರಕಾರಿ ಸಗಟು ವ್ಯಾಪಾರಿಯ ಮಗ ಅವನು. ಕೋಳಿ, ನವಿಲು, ಮೀನುಗಳನ್ನು ರೇಷ್ಮೆಯ ಮೇಲೆ ಬರೆದ ಅವನ ಚಿತ್ರಸುರುಳಿಗಳು ಹೆಸರುವಾಸಿ. 1768ರ ‘ಗೆನ್ಪೊ ಯೋಕಾ’ ಪುಸ್ತಕದಲ್ಲಿ ಅವನು ಕಲ್ಲಿನ ಶಾಸನದ ಪಡಿಯಚ್ಚು ತೆಗೆಯುವ ಬಗೆಯನ್ನು ಹೂಗಿಡಗಳಿಗೆ ಹೊಂದಿಸಿಕೊಂಡ. ಹಿನ್ನೆಲೆ ಕಡುಗಪ್ಪು, ಎಲೆ ಮತ್ತು ಹುಳು ತಿಂದ ತೂತುಗಳೆಲ್ಲ ಬಿಳುಪು. ಹುಳು ಕೊರೆದ ಎಲೆಯನ್ನು ಇಷ್ಟು ಗೌರವದಿಂದ ನೋಡಿದ ಚಿತ್ರಕಾರ ಅವನಿಗೆ ಮೊದಲು ಯಾರಿದ್ದರೋ!

ಎದೊದಲ್ಲಿ ಈ ಪ್ರಕಾರಕ್ಕೆ ಮೊದಲ ದೊಡ್ಡ ತಿರುವು ಕೊಟ್ಟದ್ದು ಪುಸ್ತಕಗಳು. ಪ್ರಕಾಶಕ ತ್ಸುತಾಯಾ ಜೂಜಬುರೊ, ಕ್ಯೋಕಾ ಎಂಬ ವಿನೋದಪದ್ಯಗಳನ್ನು ಕಟ್ಟುವ ಕೂಟಗಳ ಒಡನಾಡಿ. ಆ ಪದ್ಯಗಳಿಗೆ ಚಿತ್ರ ಬರೆಯಲು ಅವನು ಕಿತಗಾವಾ ಉತಮಾರೊನನ್ನು ಹಿಡಿದ. 1788ರಲ್ಲಿ ಆಯ್ದ ಹುಳುಗಳ ಪುಸ್ತಕ ಹೊರಬಂತು. ಅದರ ಬೆನ್ನಿಗೆ ಚಿಪ್ಪುಗಳ ಪುಸ್ತಕ, ಹಕ್ಕಿಗಳ ‘ಮೊಮೊ ಚಿದೊರಿ’ ಬಂದವು. ‘ಮೊಮೊ ಚಿದೊರಿ’ಯ ಪ್ರತಿ ಜೋಡಿಪುಟದಲ್ಲಿ ಎರಡು ಹಕ್ಕಿ, ಎರಡು ಪದ್ಯ, ಪದ್ಯಗಳೆಲ್ಲ ಪ್ರೇಮದ ಕುರಿತಾದವು. ಹುಳುಗಳ ಪುಸ್ತಕದ ಕೊನೆಯ ಮಾತನ್ನು ಉತಮಾರೊನ ಗುರು ತೊರಿಯಾಮಾ ಸೆಕಿಯೆನ್ ಬರೆದಿದ್ದಾನೆ. ಚಿಕ್ಕಂದಿನಲ್ಲಿ ಈ ಹುಡುಗ ಏರೋಪ್ಲೇನ್ ಚಿಟ್ಟೆಗೆ ದಾರ ಕಟ್ಟಿ, ಮಿಡತೆಯನ್ನು ಅಂಗೈಯಲ್ಲಿ ಹಿಡಿದು ಮೈಮರೆಯುತ್ತಿದ್ದುದನ್ನು ಅವನು ಅಕ್ಕರೆಯಿಂದ ನೆನೆಯುತ್ತಾನೆ. ಆ ಪುಟಗಳನ್ನು ನೋಡಿದವರಿಗೆ ಈ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ. ಸುಂದರಿಯರ ಚಿತ್ರಗಳಿಂದ ಉತಮಾರೊ ಲೋಕಪ್ರಸಿದ್ಧನಾದದ್ದು ಇವುಗಳ ನಂತರ. ರೆಪ್ಪೆಯ ಎಳೆಯನ್ನು ಕಾಣುವ ಕಣ್ಣು ಪಳಗಿದ್ದು ಹುಳುವಿನ ಮೀಸೆಯ ಮೇಲೆ.

ಹಲಗೆ, ಕಾಗದ, ಕೈ

ಚಿತ್ರದ ಮೇಲೆ ಸಹಿ ಇರುವುದು ಚಿತ್ರಕಾರನದು. ಆದರೆ ಹಕ್ಕಿಗೆ ಮೈ ಬರುವುದು ಅವನ ಕುಂಚದಿಂದಷ್ಟೇ ಅಲ್ಲ. ಪ್ರಕಾಶಕ ಹಣ ಹೂಡಿ ವಸ್ತುವನ್ನು ಗೊತ್ತುಮಾಡುತ್ತಿದ್ದ. ಚಿತ್ರಕಾರ ತೆಳುಕಾಗದದ ಮೇಲೆ ಮಸಿಯಲ್ಲಿ ಗೆರೆ ಎಳೆದುಕೊಡುತ್ತಿದ್ದ. ಕೆತ್ತನೆಗಾರ ಆ ಹಾಳೆಯನ್ನು ಕವುಚಿ ಚೆರ್ರಿ ಮರದ ಹಲಗೆಗೆ ಅಂಟಿಸಿ, ಗೆರೆಯನ್ನು ಉಳಿಸಿ ಉಳಿದದ್ದನ್ನು ತೆಗೆಯುತ್ತಿದ್ದ. ಕೆತ್ತುತ್ತ ಹೋದಂತೆ ಮೂಲಚಿತ್ರ ನಾಶವಾಗುತ್ತದೆ. ಚಿತ್ರಕಾರನ ಕೈಬರಹ ಅಳಿದಲ್ಲದೆ ಅಚ್ಚು ಹುಟ್ಟುವುದಿಲ್ಲ.

ಆಮೇಲಿನದು ಅಚ್ಚುಗಾರನ ಕೆಲಸ. ಕೊಜೊ ಎಂಬ, ಹಿಪ್ಪುನೇರಳೆಯ ಬಳಗದ ಗಿಡದ ನಾರಿನಿಂದ ಮಾಡಿದ ಕಾಗದ ಹತ್ತಿಪ್ಪತ್ತು ಸಲ ಒದ್ದೆಯಾಗಿ ಉಜ್ಜಿಸಿಕೊಂಡರೂ ಹರಿಯದು. ಹಲಗೆಯ ಮೂಲೆಯಲ್ಲಿ ಕೆತ್ತಿದ ಕೆಂತೊ ಎಂಬ ಗುರುತಿಗೆ ಕಾಗದದ ಅಂಚು ತಾಗಿಸಿದರೆ ಒಂದರ ಮೇಲೊಂದು ಬಣ್ಣ ಕೂದಲೆಳೆಯೂ ಸರಿಯದಂತೆ ಕೂರುತ್ತದೆ. ಬಿದಿರಿನ ಹೊದಿಕೆ ಸುತ್ತಿದ ಬರೆನ್ ಎಂಬ ದುಂಡನೆಯ ಉಜ್ಜುಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜಬೇಕು. ಯಂತ್ರದ ಒತ್ತಡ ಎಲ್ಲಿಯೂ ಇಲ್ಲ.

ಹೂಹಕ್ಕಿಯ ಚಿತ್ರಗಳಲ್ಲಿ ಈ ಅಚ್ಚುಗಾರನ ಪಾಲು ಉಳಿದ ಪ್ರಕಾರಗಳಿಗಿಂತ ಹೆಚ್ಚು ಎಂಬುದು ಗಮನಿಸಬೇಕಾದ ಸಂಗತಿ. ಬೆಳ್ಳಕ್ಕಿಯನ್ನೇ ನೋಡಿ. ಬಿಳಿ ಕಾಗದದ ಮೇಲೆ ಬಿಳಿ ಹಕ್ಕಿ. ಬಣ್ಣವಿಲ್ಲ. ಗರಿಗಳನ್ನು ಕೆತ್ತಿದ ಹಲಗೆಗೆ ಮಸಿ ಹಚ್ಚದೆ, ಒದ್ದೆ ಕಾಗದವನ್ನು ಅದಕ್ಕೆ ಒತ್ತಿ ಉಬ್ಬುತಗ್ಗು ಮೂಡಿಸುತ್ತಾರೆ. ಇದು ಕರಜುರಿ, ಬರಿದಾದ ಅಚ್ಚು. ನೇರ ಬೆಳಕಿನಲ್ಲಿ ಹಾಳೆ ಖಾಲಿಯಂತೆ ಕಾಣುತ್ತದೆ. ಪಕ್ಕದಿಂದ ಬೆಳಕು ಬಿದ್ದಾಗ ಗರಿಯೊಂದೊಂದೂ ಎದ್ದುನಿಲ್ಲುತ್ತದೆ. ಹಣತೆಯ ಬೆಳಕಿನ ಮನೆಗಳಲ್ಲಿ ಕೈಯಲ್ಲಿ ಹಿಡಿದು ಓರೆಮಾಡಿ ನೋಡಲೆಂದೇ ಮಾಡಿದ ಚಿತ್ರಗಳಿವು. ಪುಸ್ತಕದಲ್ಲೋ ಪರದೆಯಲ್ಲೋ ನೋಡುವ ನಮಗೆ ಅರ್ಧ ಹಕ್ಕಿ ಕಾಣುವುದೇ ಇಲ್ಲ. ಬೊಕಾಶಿಯೂ ಹೀಗೆಯೇ: ಹಲಗೆಯ ಮೇಲೆ ನೀರು ಮತ್ತು ಬಣ್ಣವನ್ನು ಕುಂಚದಿಂದ ಬೆರೆಸಿ, ಆಕಾಶವನ್ನು ಕಡುನೀಲಿಯಿಂದ ಬಿಳುಪಿಗೆ ಇಳಿಸುವುದು. ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕಾದ್ದರಿಂದ ಒಂದು ಪ್ರತಿಯ ಮುಸ್ಸಂಜೆ ಇನ್ನೊಂದರದ್ದರಂತೆ ಇರುವುದಿಲ್ಲ.

1830ರ ದಶಕ

ಈ ಪ್ರಕಾರದ ಉಚ್ಛ್ರಾಯಕಾಲ ಬಹಳ ಚಿಕ್ಕದು. ಮುಖ್ಯವಾದುದೆಲ್ಲ ಹತ್ತು ಹನ್ನೆರಡು ವರ್ಷಗಳಲ್ಲಿ ನಡೆದುಹೋಯಿತು. ಅದಕ್ಕೆ ಒಂದು ಕಾರಣ ನೀಲಿ. 18ನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿ, ನಾಗಸಾಕಿಯ ಮೂಲಕ ಅಗ್ಗವಾಗಿ ಬರತೊಡಗಿ, 1830ರ ಹೊತ್ತಿಗೆ ಎದೊದ ಅಚ್ಚುಮನೆಗಳನ್ನು ತುಂಬಿತು. ಅದುವರೆಗೆ ಬಳಸುತ್ತಿದ್ದ ಹೂವಿನ ರಸದ ನೀಲಿ ಬೆಳಕಿಗೆ ಬೇಗ ಬಾಡುತ್ತಿತ್ತು. ಹೊಸ ನೀಲಿ ಆಳವಾಗಿತ್ತು, ಬಾಡುತ್ತಿರಲಿಲ್ಲ, ಬೊಕಾಶಿಗೆ ಹೇಳಿಮಾಡಿಸಿದಂತಿತ್ತು. ಪ್ರವಾಸದ ಒಲವು, ದೃಶ್ಯಚಿತ್ರಗಳ ಬೇಡಿಕೆ ಕೂಡ ಆಗಲೇ ಏರುತ್ತಿದ್ದವು. ನಟರ, ಗಣಿಕೆಯರ ಮುಖಗಳಿಂದಾಚೆ ನೋಡುವ ಕೊಳ್ಳುಗರು ಸಿದ್ಧರಾಗಿದ್ದರು.

ಕತ್ಸುಶಿಕಾ ಹೊಕುಸಾಯ್ (1760–1849) ‘ಫುಜಿಯ ಮೂವತ್ತಾರು ನೋಟಗಳು’ ಸರಣಿಯ ಪ್ರಕಾಶಕ ನಿಶಿಮುರಾಯಾ ಯೊಹಾಚಿಗಾಗಿಯೇ 1833–34ರ ಸುಮಾರಿಗೆ ಹತ್ತು ದೊಡ್ಡ ಹೂವಿನ ಚಿತ್ರಗಳನ್ನು ಮಾಡಿದ. ಆಗ ಅವನಿಗೆ ಎಪ್ಪತ್ತು ದಾಟಿತ್ತು. ಎಪ್ಪತ್ತಮೂರರಲ್ಲಷ್ಟೇ ತನಗೆ ಹಕ್ಕಿ, ಹುಳು, ಮೀನುಗಳ ಮೈಕಟ್ಟೂ ಗಿಡಗಳು ಬೆಳೆಯುವ ಬಗೆಯೂ ತುಸು ಅರ್ಥವಾಯಿತು ಎಂದು 1834ರಲ್ಲಿ ಪ್ರಕಟವಾದ ಫುಜಿ ಪುಸ್ತಕದ ಹಿನ್ನುಡಿಯಲ್ಲಿ ಅವನು ಹೇಳಿಕೊಂಡಿದ್ದಾನೆ. ಆ ಅರಿವಿನ ಫಲ ಈ ಹತ್ತು ಹಾಳೆಗಳು. ಗಸಗಸೆ ಹೂಗಳು ಗಾಳಿಗೆ ಒಂದೇ ದಿಕ್ಕಿಗೆ ಬಾಗಿವೆ. ಆ ಬಾಗು ಅವನದೇ ಅಲೆಯ ಬಾಗು. ನೋಡುವವರ ಮೈಗೂ ಗಾಳಿ ಸೋಕುತ್ತದೆ. ಪಿಯೊನಿಯ ದಳ ಹಿಂದಕ್ಕೆ ಹೊರಳಿದೆ, ಚಿಟ್ಟೆಯ ರೆಕ್ಕೆಯೂ ಅದೇ ಗಾಳಿಗೆ ಮಡಿಚಿದೆ. ಮಾರ್ನಿಂಗ್ ಗ್ಲೋರಿ ಬಳ್ಳಿಯ ಚಿತ್ರದಲ್ಲಿ ಒಂದು ಮರಗಪ್ಪೆ ಇದೆ. ಎಲೆಯ ಬಣ್ಣದ್ದೇ ಆದ ಅದನ್ನು ಹುಡುಕಲು ನಿಧಾನ ಬೇಕು. ಹೂವನ್ನು ನೆಲದಿಂದ ಕಿತ್ತು ಹೂದಾನಿಯಲ್ಲಿಡದೆ, ಗಾಳಿ ಬಿಸಿಲಿನ ನಡುವೆ ಅದರ ಎತ್ತರಕ್ಕೇ ಕಣ್ಣನ್ನು ಇಳಿಸಿ ನೋಡಿದ್ದಾನೆ ಹೊಕುಸಾಯ್.

ಇದೇ ಹೊತ್ತಿನ ಅವನ ಚಿಕ್ಕ ಹಾಳೆಗಳ ಇನ್ನೊಂದು ಸರಣಿಯಲ್ಲಿ ಪಿಯೊನಿಯೊಡನೆ ಕ್ಯಾನರಿ, ಮ್ಯಾಗ್ನೋಲಿಯದೊಡನೆ ಜಾವಾ ಗುಬ್ಬಿ ಇವೆ. ಎರಡೂ ಹಡಗಿನಲ್ಲಿ ಬಂದು ಎದೊದ ಪಂಜರಗಳಲ್ಲಿ ನೆಲೆಸಿದ ಪರದೇಶದ ಹಕ್ಕಿಗಳು. ಹಳೆಯ ಕವಿಗಳು ಕಾಣದಿದ್ದವನ್ನೂ ಚಿತ್ರ ಬಲು ಬೇಗ ಒಳಗೆ ಕರೆದುಕೊಂಡಿತು. ಭಾರತದ ನವಿಲೂ ಹೀಗೆ ಪಿಯೊನಿಯ ಪಕ್ಕದಲ್ಲಿ ಬಂದು ನಿಂತ ಅತಿಥಿ.

ಉತಗಾವಾ ಹಿರೊಶಿಗೆ (1797–1858) ಈ ಪ್ರಕಾರದ ನಿಜವಾದ ಒಡೆಯ. ಎದೊದಲ್ಲಿ ಬೆಂಕಿ ಆರಿಸುವ ದಳದ ಹುದ್ದೆ ಅವನಿಗೆ ತಂದೆಯಿಂದ ಬಾಲ್ಯದಲ್ಲೇ ಬಂದಿತ್ತು. ಉತಗಾವಾ ತೊಯೊಹಿರೊನ ಬಳಿ ಚಿತ್ರ ಕಲಿತ. ‘ತೊಕೈದೊ’ ಹೆದ್ದಾರಿಯ ಸರಣಿ ಅವನಿಗೆ ಹೆಸರು ತಂದ ದಿನಗಳಲ್ಲೇ ನೂರಾರು ಹೂಹಕ್ಕಿಯ ಚಿತ್ರಗಳನ್ನೂ ಅವನು ಬರೆಯುತ್ತಿದ್ದ. ಅವನು ಹೆಚ್ಚಾಗಿ ಆರಿಸಿಕೊಂಡದ್ದು ಸುಮಾರು 38 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲದ ಓ-ತನ್‌ಜಕು ಹಾಳೆ. ತನ್‌ಜಕು ಎಂದರೆ ಕವಿತೆ ಬರೆಯುವ ಉದ್ದನೆಯ ಪಟ್ಟಿ. ಹಾಳೆಯ ಆಕಾರವೇ ಇಲ್ಲಿ ಕವಿತೆಯಿಂದ ಬಂದದ್ದು. ಕೊಂಬೆ ಮೇಲಿನಿಂದ ಇಳಿಯುತ್ತದೆ, ಹಕ್ಕಿ ಅಡ್ಡಲಾಗಿ ಹಾಯುತ್ತದೆ, ಉಳಿದ ಖಾಲಿಯಲ್ಲಿ ಒಂದು ಹೈಕುವೋ ವಿನೋದಪದ್ಯವೋ ಚೀನೀ ಸಾಲೋ ಮಳೆಹನಿಯಂತೆ ಜಾರುತ್ತದೆ. ಅಕ್ಷರ ಮತ್ತು ಗರಿ ಒಂದೇ ಕುಂಚದ ಮಕ್ಕಳು ಎಂಬುದು ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣದು.

ಪೈನ್ ಕೊಂಬೆಯ ಮೇಲೆ, ಬಿದಿಗೆಯ ಚಂದ್ರನ ಕೆಳಗೆ ಕೂತ ಗೂಬೆ ಅವನ ಅತ್ಯಂತ ಮುದ್ದಿನ ಹಕ್ಕಿ. ಹಿಮ ಬೀಳುವಾಗ ನೀರಿನಲ್ಲಿ ಹತ್ತಿರ ಸರಿದ ಮ್ಯಾಂಡರಿನ್ ಬಾತುಗಳಿವೆ, ಛತ್ರಿ ಮತ್ತು ಬಳ್ಳಿಯ ಹೂವಿನ ಜೊತೆಗೊಂದು ಹುಂಜವಿದೆ. ಎಲ್ಲಕ್ಕೂ ಮಿಗಿಲು ‘ಚಂದ್ರನ ಮುಂದೆ ಹೆಬ್ಬಾತುಗಳು’. ಚಂದ್ರ ಎಷ್ಟು ದೊಡ್ಡವನೆಂದರೆ ಚೌಕಟ್ಟಿನಲ್ಲಿ ಹಿಡಿಸದೆ ಅಂಚಿನಲ್ಲಿ ತುಂಡಾಗಿದ್ದಾನೆ. ಅವನೆದುರು ಮೂರು ಹೆಬ್ಬಾತುಗಳು ಕೆಳಕ್ಕೆ ಇಳಿಯುತ್ತಿವೆ. ಇಷ್ಟೇ. ಆ ಚಂದ್ರನಿಗೆ ಅಚ್ಚುಗಾರ ಬಣ್ಣ ಹಾಕಿಲ್ಲ, ಕಾಗದವನ್ನು ಹಾಗೆಯೇ ಬಿಟ್ಟಿದ್ದಾನೆ. ಸುತ್ತಲಿನ ನೀಲಿಯಿಂದ ಬೆಳದಿಂಗಳು ಹುಟ್ಟಿದೆ. 1949ರಲ್ಲಿ ಜಪಾನಿನ ಅಂಚೆ ಇಲಾಖೆ ಈ ಚಿತ್ರವನ್ನು ಎಂಟು ಯೆನ್‌ನ ಅಂಚೆಚೀಟಿಯಾಗಿ ಹೊರತಂದಿತು. ಅಂಚೆಚೀಟಿ ಕೂಡಿಡುವವರು ಇಂದಿಗೂ ಅದನ್ನು ಹುಡುಕುತ್ತಾರೆ.

1842ರಲ್ಲಿ ಸರ್ಕಾರ ನಟರ, ಗಣಿಕೆಯರ ಚಿತ್ರಗಳನ್ನು ನಿಷೇಧಿಸಿತು. ಹೂಹಕ್ಕಿಗೆ ತೊಡಕಾಗಲಿಲ್ಲ. ಆ ನಿಷೇಧದಿಂದಲೇ ಈ ಪ್ರಕಾರ ಬೆಳೆಯಿತು ಎಂಬ ಮಾತು ಆಗಾಗ ಕೇಳಿಬರುತ್ತದಾದರೂ ಕಾಲದ ಲೆಕ್ಕ ಒಪ್ಪುವುದಿಲ್ಲ. ಮೇಲಿನ ಮುಖ್ಯ ಕೃತಿಗಳೆಲ್ಲ ಅಷ್ಟರಲ್ಲಾಗಲೇ ಅಚ್ಚಾಗಿದ್ದವು.

ಮೇಜಿ ಕಾಲ ಮತ್ತು ಕೊಸೊನ್

1868ರಲ್ಲಿ ಮೇಜಿ ದೊರೆಯ ಕಾಲ ಶುರುವಾದ ನಂತರ ರಂಗನಟರ ಚಿತ್ರಗಳನ್ನು ಛಾಯಾಚಿತ್ರವೂ ಶಿಲಾಮುದ್ರಣವೂ ಮೂಲೆಗೆ ತಳ್ಳಿದಾಗ ಹೂಹಕ್ಕಿ ಪುಸ್ತಕಗಳಲ್ಲಿ ಉಳಿಯಿತು. ಕ್ಯೋಟೊದ ಕೋನೊ ಬೈರೆಯ್ 1881ರಲ್ಲಿ ನೂರು ಹಕ್ಕಿಗಳ ಸಂಪುಟ ತಂದ. ಅದೇ ನಗರದ ಇಮಾವೊ ಕೆಯ್‌ನೆನ್ 1891–92ರಲ್ಲಿ ಋತುವಿಗೊಂದರಂತೆ ನಾಲ್ಕು ಸಂಪುಟಗಳನ್ನು ಹೊರತಂದ. ಅವುಗಳ ಹಿಂದಿದ್ದವನು ಕಿಮೊನೊ ಬಟ್ಟೆಗಳಿಗೆ ಬಣ್ಣಹಾಕುವ ಮನೆತನದ ನಿಶಿಮುರಾ ಸೋಜಯೆಮೊನ್. ಚಿತ್ರದ ಹಕ್ಕಿ ರೇಷ್ಮೆಗೆ ಹಾರಿತು. ವತನಬೆ ಸೆಯ್‌ತೆಯ್ 1878ರ ಪ್ಯಾರಿಸ್ ಪ್ರದರ್ಶನಕ್ಕೆ ಹೋಗಿ, ಅಲ್ಲಿ ಚಿತ್ರಕಾರ ಡೆಗಾನಿಗೆ ತಾನು ಬರೆದ ಕೊಂಬೆಯ ಹಕ್ಕಿಗಳನ್ನು ಕೊಟ್ಟುಬಂದ.

ಪ್ಯಾರಿಸ್ ಅಷ್ಟರಲ್ಲಿ ಈ ಚಿತ್ರಗಳಿಗೆ ಮನಸೋತಿತ್ತು. 1866ರಲ್ಲೇ ಫೆಲಿಕ್ಸ್ ಬ್ರಾಕ್‌ಮೋನ್ ಜಪಾನೀ ಅಚ್ಚುಪುಸ್ತಕಗಳ ಹಕ್ಕಿ, ಮೀನು, ಹೂಗಳನ್ನು ಊಟದ ತಟ್ಟೆಗಳ ಮೇಲೆ ಇಳಿಸಿದ್ದ. 1896ರಲ್ಲಿ ಕ್ಲೋದ್ ಮೊನೆ ಹೊಕುಸಾಯ್‌ನ ಹೂಗಳ ಕುರಿತು ಕಲಾವ್ಯಾಪಾರಿಯೊಬ್ಬನಿಗೆ ಬರೆದ ಪತ್ರದಲ್ಲಿ ಗಸಗಸೆಯ ಚಿತ್ರವನ್ನು ವಿಶೇಷವಾಗಿ ವಿಚಾರಿಸಿದ್ದಾನೆ. ಗಿವರ್ನಿಯಲ್ಲಿ ನೈದಿಲೆಕೊಳ ತೋಡಿಸಿ, ಜೀವನದ ಕೊನೆಯವರೆಗೂ ಅದನ್ನೇ ಬರೆದವನಿಗೆ ಇದು ಸಹಜವಾದ ಹಸಿವು.

ಈ ಪ್ರಕಾರಕ್ಕೆ ಕೊನೆಯ ದೊಡ್ಡ ಹೆಸರು ಒಹರಾ ಕೊಸೊನ್ (1877–1945). ಕನಜಾವಾದಲ್ಲಿ ಹುಟ್ಟಿದ ಅವನು 1904–05ರ ರಷ್ಯಾ-ಜಪಾನ್ ಯುದ್ಧದ ಚಿತ್ರಗಳನ್ನೂ ಮಾಡಿದ್ದ. ಆಮೇಲೆ ಬದುಕನ್ನು ಹಕ್ಕಿಗಳಿಗೆ ಕೊಟ್ಟ. 1923ರ ಭೂಕಂಪದಲ್ಲಿ ಪ್ರಕಾಶಕ ವತನಬೆ ಶೋಜಬುರೊನ ಅಂಗಡಿಯೂ ಹಲಗೆಗಳೂ ಸುಟ್ಟುಹೋದವು. ಅವನು ಮತ್ತೆ ಅಂಗಡಿ ಕಟ್ಟಿದ ಮೇಲೆ 1926ರಿಂದ ಕೊಸೊನ್ ‘ಶೋಸೊನ್’ ಎಂಬ ಹೆಸರಿನಲ್ಲಿ ಅವನಿಗೆ ಚಿತ್ರ ಕೊಟ್ಟ. ಹಿಮ ಹೊತ್ತ ಕೊಂಬೆಯ ಮೇಲಿನ ಕಾಗೆ, ಮಳೆಯಲ್ಲಿ ನಿಂತ ಬೆಳ್ಳಕ್ಕಿ, ದಾಳಿಂಬೆಯ ಪಕ್ಕದ ಕಾಕಟೂ. ಅವನ ಹಿನ್ನೆಲೆಗಳು ಮಂಜಿನಂತೆ ಮೆತ್ತಗಿವೆ, ಪದ್ಯಗಳು ಮಾಯವಾಗಿವೆ. ಕೊಳ್ಳುವವರು ಬಹುಪಾಲು ಅಮೆರಿಕದವರಾದ್ದರಿಂದ ಪದ್ಯ ಓದುವವರೇ ಇರಲಿಲ್ಲ. ಅದೊಂದು ನಷ್ಟವೇ. ಆದರೆ ಕಾಗೆಯ ಕಪ್ಪಿನೊಳಗೆ ಅಚ್ಚುಗಾರ ಒತ್ತಿದ ಇನ್ನೊಂದು ಕಪ್ಪು, ಬೆಳಕಿನಲ್ಲಿ ಹೊರಳಿಸಿದಾಗ ಮಾತ್ರ ಹೊಳೆಯುವ ಗರಿ, ಹಿಂದಿನವರ ಕೈಚಳಕಕ್ಕೆ ತಕ್ಕುದಾಗಿಯೇ ಇದೆ. ಜಪಾನಿನಲ್ಲಿ ಬಹುಕಾಲ ಮರೆತುಹೋಗಿದ್ದ ಅವನ ಕೆಲಸದ ದೊಡ್ಡ ಪ್ರದರ್ಶನ 2001ರಲ್ಲಿ ಆಮ್ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ನಡೆಯಿತು.

ಇಂದು ಹೂಹಕ್ಕಿ ಅಚ್ಚುಚಿತ್ರಗಳ ಬಹುದೊಡ್ಡ ಸಂಗ್ರಹವೊಂದು ಅಮೆರಿಕದ ರೋಡ್ ಐಲ್ಯಾಂಡ್ ವಿನ್ಯಾಸ ಶಾಲೆಯ ಮ್ಯೂಸಿಯಂನಲ್ಲಿದೆ. ಆ್ಯಬಿ ಆಲ್ಡ್ರಿಚ್ ರಾಕ್‌ಫೆಲ್ಲರ್ ಕೂಡಿಟ್ಟು 1934ರಲ್ಲಿ ಕೊಟ್ಟ ಸುಮಾರು 700 ಹಾಳೆಗಳವು. ಇಂಥ ಹಾಳೆಗಳು ಬೆಳಕನ್ನು ಬಹಳ ಹೊತ್ತು ತಾಳಲಾರವು. ಕುಸುಬೆಯ ಕೆಂಪು, ಹೂರಸದ ನೀಲಿ ಮೊದಲು ಹೋಗುತ್ತವೆ. ಕೆನ್ನೀಲಿ ಐರಿಸ್ ಕಂದುಬಣ್ಣಕ್ಕೆ ತಿರುಗಿದ ಪ್ರತಿಗಳು ಎಷ್ಟೋ ಇವೆ. ಆದ್ದರಿಂದ ಮ್ಯೂಸಿಯಂಗಳು ಇವನ್ನು ಮಂದ ಬೆಳಕಿನಲ್ಲಿ ಕೆಲವು ವಾರ ಮಾತ್ರ ತೂಗುಹಾಕಿ, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಸೇರಿಸುತ್ತವೆ. ಮುಂದಿನ ಸರದಿಗೆ ಬೇರೆ ಹಕ್ಕಿಗಳು ಗೋಡೆಗೆ ಬರುತ್ತವೆ.